ಆಟಿಸಂ ಇರುವ ಮಕ್ಕಳ ಕಣ್ಣು: ಹಾಸನದ ತಂದೆತಾಯಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಮಕ್ಕಳ ಕಣ್ಣು ಪರೀಕ್ಷಿಸುವ ಕೆಲಸ ನನ್ನದು. ಸಕಲೇಶಪುರ, ಬೇಲೂರು, ಅರಕಲಗೂಡು ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುವ ತಂದೆತಾಯಂದಿರು, ಆಗೊಮ್ಮೆ ಈಗೊಮ್ಮೆ ಮೂಡಿಗೆರೆಯವರು, ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವಕ್ಕೆ ಉತ್ತರವನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಆಟಿಸಂ ಎಂಬ ಹೆಸರು ಒಮ್ಮೆ ಅಂಟಿಕೊಂಡರೆ ಸಾಕು, ಆ ಮಗು ನೋಡುವ ರೀತಿಯಲ್ಲಿ ಏನೇ ವ್ಯತ್ಯಾಸ ಕಂಡರೂ ಅದರ ಲೆಕ್ಕಕ್ಕೇ ಬರೆದು ಕೈತೊಳೆದುಕೊಳ್ಳುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿಯೇ.

ನಮ್ಮ ಮಗ ಕಣ್ಣಲ್ಲಿ ಕಣ್ಣಿಟ್ಟು ನೋಡುವುದೇ ಇಲ್ಲ. ಇದು ಕಣ್ಣಿನ ದೋಷವೇ?

ಬಹುತೇಕ ಅಲ್ಲ. ಮುಖ ನೋಡದಿರುವುದು ಆಟಿಸಂನ ಲಕ್ಷಣ. ಅದಕ್ಕೆ ಕಾರಣ ಇರುವುದು ಮೆದುಳಿನ ಬೆಳವಣಿಗೆಯಲ್ಲಿ, ಕಣ್ಣಿನ ಗುಡ್ಡೆಯಲ್ಲಲ್ಲ. ಮುಂದೆ ಆಟಿಸಂ ಎಂದು ಗುರುತಿಸಲಾದ ಮಕ್ಕಳು ಎರಡರಿಂದ ಆರು ತಿಂಗಳ ವಯಸ್ಸಿನ ನಡುವೆಯೇ ಎದುರಿನವರ ಕಣ್ಣುಗಳನ್ನು ನೋಡುವುದನ್ನು ಕಡಿಮೆ ಮಾಡುತ್ತಾ ಬಂದಿದ್ದರು ಎಂದು ಅಮೆರಿಕದ ಸಂಶೋಧಕರಾದ ವಾರೆನ್ ಜೋನ್ಸ್ ಮತ್ತು ಆಮಿ ಕ್ಲಿನ್ 2013ರಲ್ಲಿ ತೋರಿಸಿದರು. ಹಾಗಾಗಿ ಮಗುವಿನ ಗಲ್ಲ ಹಿಡಿದು ತಿರುಗಿಸಿ "ನನ್ನನ್ನು ನೋಡು" ಎಂದು ಗದರಿಸುವುದರಿಂದ ಏನೂ ಸಿಗುವುದಿಲ್ಲ. ಅನೇಕ ಮಕ್ಕಳಿಗೆ ಅದು ಹಿಂಸೆ.

ಆದರೆ ಮುಖ ನೋಡದ ಮಗು ವಸ್ತುಗಳನ್ನೂ ಸರಿಯಾಗಿ ನೋಡುತ್ತಿಲ್ಲವಾದರೆ ಅದು ಬೇರೆ ಮಾತು. ನೆಲದ ಮೇಲೆ ಬಿದ್ದ ಒಂದು ಮಂಡಕ್ಕಿ ಕಾಳನ್ನು ಹೆಕ್ಕುತ್ತಾನೆಯೇ, ಅಂಗಳದಾಚೆ ಬರುತ್ತಿರುವ ಅಪ್ಪನನ್ನು ದನಿ ಕೇಳುವ ಮೊದಲೇ ಗುರುತಿಸುತ್ತಾನೆಯೇ ಗಮನಿಸಿ. ಹೆಕ್ಕಿದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಒಂದೇ ಕಣ್ಣು ಚೆನ್ನಾಗಿದ್ದರೂ ಮಗು ಇದನ್ನೆಲ್ಲ ಸಲೀಸಾಗಿ ಮಾಡುತ್ತದೆ.

ಆಟಿಸಂ ಇರುವ ಮಕ್ಕಳಲ್ಲಿ ಕಣ್ಣಿನ ತೊಂದರೆ ಹೆಚ್ಚೇ?

ಹೌದು. ಕನ್ನಡಕ ಬೇಕಾಗುವ ದೃಷ್ಟಿದೋಷಗಳು, ಅದರಲ್ಲೂ ಅಸಮದೃಷ್ಟಿ (ಕಣ್ಣಿನ ಮುಂಭಾಗ ಎಲ್ಲ ದಿಕ್ಕಿಗೂ ಸಮನಾಗಿ ಬಾಗಿರದೆ ಚಿತ್ರ ಮಸುಕಾಗುವುದು), ಜೊತೆಗೆ ಮೆಳ್ಳೆಗಣ್ಣು, ಸೋಮಾರಿ ಕಣ್ಣು (ಮೆದುಳು ಬಳಸದೆ ಬಿಟ್ಟು ನೋಟ ಬೆಳೆಯದ ಕಣ್ಣು), ಇವು ಉಳಿದ ಮಕ್ಕಳಿಗಿಂತ ಇವರಲ್ಲಿ ಹೆಚ್ಚಾಗಿ ಕಾಣುತ್ತವೆ. ಆಟಿಸಂ ತಾನಾಗಿ ಕಣ್ಣನ್ನು ಕೆಡಿಸುವುದಿಲ್ಲ. ಎರಡಕ್ಕೂ ದಾರಿ ಮಾಡಿಕೊಡುವ ಕಾರಣಗಳು ಕೆಲವಿವೆ. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಲ್ಲಿ ಆಟಿಸಂನ ಸಾಧ್ಯತೆಯೂ ಹೆಚ್ಚು, ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲದ ತೊಂದರೆಯೂ ಹೆಚ್ಚು. ಬಸುರಿನಲ್ಲಿ ತಾಯಿಗೆ ರುಬೆಲ್ಲಾ ತಗುಲಿದರೆ ಮಗುವಿಗೆ ಹುಟ್ಟಿನಿಂದಲೇ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ ಬರಬಹುದು, ಆಟಿಸಂ ಕೂಡ. ಒಂಬತ್ತು ತಿಂಗಳಿಗೆ ಹಾಕುವ ದಡಾರ-ರುಬೆಲ್ಲಾ ಲಸಿಕೆ ತಡೆಯುವುದು ಇದನ್ನೇ. ಲಸಿಕೆಯಿಂದಲೇ ಆಟಿಸಂ ಬರುತ್ತದೆ ಎಂಬ ಮಾತು ವಾಟ್ಸಾಪಿನಲ್ಲಿ ಇನ್ನೂ ಓಡಾಡುತ್ತಿದೆ. ಅದು ಎಂದೋ ಸುಳ್ಳೆಂದು ಸಾಬೀತಾಗಿದೆ. ಡೌನ್ ಸಿಂಡ್ರೋಮ್, ಫ್ರಜೈಲ್ ಎಕ್ಸ್, ಟ್ಯೂಬರಸ್ ಸ್ಕ್ಲೆರೋಸಿಸ್‌ನಂಥ ಹುಟ್ಟು ಸಮಸ್ಯೆಗಳಲ್ಲೂ ಕಣ್ಣಿನ ತೊಂದರೆ ಮತ್ತು ಆಟಿಸಂ ಎರಡೂ ಸೇರಿಕೊಳ್ಳುವುದುಂಟು.

ವಿಪರ್ಯಾಸವೆಂದರೆ ಕಣ್ಣಿನ ತಪಾಸಣೆ ಕೈತಪ್ಪುವುದೂ ಇವರಿಗೇ ಹೆಚ್ಚು. ಶಾಲೆಯ ಶಿಬಿರದಲ್ಲಿ ಮಗು ಗೋಡೆಯ ಚಾರ್ಟ್ ಓದದಿದ್ದರೆ "ಸಹಕರಿಸಲಿಲ್ಲ" ಎಂದು ಬರೆದು ಮುಂದಿನವರನ್ನು ಕರೆಯುತ್ತಾರೆ.

ಮಾತೇ ಬಾರದ ಮಗು. ಅಕ್ಷರ ಹೇಳುವುದಿಲ್ಲ. ಕಣ್ಣು ಪರೀಕ್ಷೆ ಹೇಗೆ ಸಾಧ್ಯ?

ನನಗೆ ಅತಿ ಹೆಚ್ಚು ಎದುರಾಗುವ ಪ್ರಶ್ನೆ ಇದು. "ಇವನು ಹೇಳುವುದಿಲ್ಲ, ಸ್ವಲ್ಪ ದೊಡ್ಡವನಾಗಲಿ" ಎಂದು ಯಾರೋ ಹೇಳಿ ಕಳುಹಿಸಿರುತ್ತಾರೆ. ಅಷ್ಟರಲ್ಲಿ ಎರಡು ಮೂರು ವರ್ಷ ಹೋಗಿರುತ್ತದೆ. ಕನ್ನಡಕದ ನಂಬರ್ ಕಂಡುಹಿಡಿಯಲು ಮಗುವಿನ ಬಾಯಿಮಾತು ಬೇಕಿಲ್ಲ. ಆರು ತಿಂಗಳ ಕೂಸಿಗೂ ನಂಬರ್ ಹೇಳಬಹುದು.

ರೆಟಿನೋಸ್ಕೋಪ್ ಎಂಬ ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣವಿದೆ. ಮೊನ್ನೆ ಬಂದಿದ್ದ ಹುಡುಗ ಅಜ್ಜಿಯ ತೊಡೆಯ ಮೇಲೆ ಕೂತು ಅವರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದ. ಕೋಣೆಯ ದೀಪ ಆರಿಸಿ, ಅವನ ಎದುರು ದೂರದಲ್ಲಿ ಫೋನಿನಲ್ಲಿ ರೈಲು ಓಡುವ ವಿಡಿಯೋ ಹಚ್ಚಿಟ್ಟೆವು. ನಾನು ಒಂದು ತೋಳಿನಳತೆಯಲ್ಲಿ ಕೂತು ಅವನ ಪಾಪೆಯೊಳಗೆ ಬೆಳಕಿನ ಗೆರೆಯೊಂದನ್ನು ಬಿಟ್ಟೆ. ಒಳಗಿನಿಂದ ಕಿತ್ತಳೆ ಬಣ್ಣದ ಹೊಳಪು ಹಿಂದಿರುಗುತ್ತದೆ. ಗೆರೆಯನ್ನು ಅಡ್ಡಕ್ಕೆ ಆಡಿಸಿದಾಗ ಹೊಳಪು ಜೊತೆಯಲ್ಲೇ ಸರಿಯುತ್ತದೆಯೋ ಎದುರು ದಿಕ್ಕಿಗೆ ಸರಿಯುತ್ತದೆಯೋ ನೋಡಿ, ಕಣ್ಣಿನ ಮುಂದೆ ಒಂದೊಂದೇ ಗಾಜು ಹಿಡಿಯುತ್ತಾ ಹೋಗುತ್ತೇವೆ. ಹೊಳಪು ಅತ್ತಿತ್ತ ಸರಿಯದೆ ಪಾಪೆಯ ತುಂಬ ಒಮ್ಮೆಗೇ ತುಂಬಿಕೊಳ್ಳುವ ಗಾಜು ಸಿಕ್ಕರೆ ಲೆಕ್ಕ ಸಿಕ್ಕಂತೆ. ಹುಡುಗ ಸೆರಗು ಸುತ್ತುವುದನ್ನು ನಿಲ್ಲಿಸಲಿಲ್ಲ, ನಾನೂ ನಿಲ್ಲಿಸು ಎನ್ನಲಿಲ್ಲ. ಎರಡೂ ಕಣ್ಣಿಗೆ ದೊಡ್ಡ ಅಸಮದೃಷ್ಟಿ ಇತ್ತು. ಅದುವರೆಗೆ ಅವನು ಚಿತ್ರಪುಸ್ತಕವನ್ನು ಮೂಗಿಗೆ ತಾಗಿಸಿ ನೋಡುತ್ತಿದ್ದುದು "ಅವನ ಅಭ್ಯಾಸ" ಎನಿಸಿಕೊಂಡಿತ್ತು.

ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂದು ಅಳೆಯಲು ಬೇರೆ ಕಾರ್ಡುಗಳಿವೆ. ಟೆಲ್ಲರ್ ಕಾರ್ಡಿನಲ್ಲಿ ಒಂದು ಬದಿ ಖಾಲಿ ಬೂದುಬಣ್ಣ, ಇನ್ನೊಂದು ಬದಿ ಕಪ್ಪುಬಿಳಿ ಗೆರೆಗಳು. ಗೆರೆ ಕಂಡರೆ ಕಣ್ಣು ತಾನಾಗಿ ಅತ್ತ ಹೊರಳುತ್ತದೆ. ಗೆರೆಗಳನ್ನು ಸಣ್ಣದು ಮಾಡುತ್ತಾ ಹೋಗುವುದಷ್ಟೇ. ಸ್ವಲ್ಪ ದೊಡ್ಡ ಮಕ್ಕಳಿಗೆ ಫಿನ್ಲೆಂಡಿನ ನೇತ್ರವೈದ್ಯೆ ಲಿಯಾ ಹೈವಾರಿನೆನ್ ರೂಪಿಸಿದ ಲಿಯಾ ಚಿಹ್ನೆಗಳಿವೆ: ಸೇಬು, ಮನೆ, ಚೌಕ, ವೃತ್ತ. ಹೆಸರು ಹೇಳಬೇಕಿಲ್ಲ, ಮಡಿಲಲ್ಲಿರುವ ಕಾರ್ಡಿನಲ್ಲಿ ಅದೇ ಚಿತ್ರವನ್ನು ಮುಟ್ಟಿ ತೋರಿಸಿದರೆ ಸಾಕು. ಜೋಡಿ ಹೊಂದಿಸುವ ಆಟವೆಂದರೆ ಆಟಿಸಂ ಇರುವ ಬಹಳ ಮಕ್ಕಳಿಗೆ ಇಷ್ಟ. ಎಷ್ಟೋ ಸಲ ಉಳಿದ ಮಕ್ಕಳಿಗಿಂತ ಇವರೇ ಚುರುಕು.

ಪರೀಕ್ಷೆಗೆ ಮೊದಲು ಕಣ್ಣಿಗೆ ಔಷಧಿ ಹಾಕುವುದು ಯಾಕೆ? ಹಾಕಿಸಿಕೊಳ್ಳುವುದೇ ಇಲ್ಲವಲ್ಲ!

ಮಕ್ಕಳ ಕಣ್ಣಿನ ಒಳಸ್ನಾಯು ಬಲವಾಗಿರುತ್ತದೆ. ಅದು ಬಿಗಿಹಿಡಿದರೆ ನಿಜವಾದ ನಂಬರ್ ಮುಚ್ಚಿಹೋಗುತ್ತದೆ, ಪ್ಲಸ್ ನಂಬರ್ ಇರುವ ಮಗುವಿಗೆ ಮೈನಸ್ ಕನ್ನಡಕ ಸಿಕ್ಕರೂ ಸಿಕ್ಕಿತು. ಆ ಸ್ನಾಯುವನ್ನು ಸಡಿಲಿಸಲು ಅಟ್ರೋಪಿನ್ ಮುಲಾಮು ಅಥವಾ ಬೇರೆ ಹನಿ ಹಾಕುತ್ತಾರೆ. ಪುಟ್ಟ ಮಕ್ಕಳಿಗೆ ಸಾಮಾನ್ಯವಾಗಿ ಮೂರು ದಿನ ಮನೆಯಲ್ಲೇ ಮುಲಾಮು ಹಚ್ಚಿ ಬನ್ನಿ ಎನ್ನುತ್ತಾರೆ.

ಹಾಕುವ ಉಪಾಯ ಹೀಗೆ: ಮಗು ಗಾಢ ನಿದ್ದೆಯಲ್ಲಿರುವಾಗ ಕೆಳರೆಪ್ಪೆಯನ್ನು ತುಸು ಎಳೆದು ಅಕ್ಕಿಕಾಳಿನಷ್ಟು ಮುಲಾಮು ಇಡಿ. ಹನಿಯಾದರೆ ಮಗುವನ್ನು ಅಂಗಾತ ಮಲಗಿಸಿ, ಮುಚ್ಚಿದ ಕಣ್ಣಿನ ಮೂಗಿನ ಬದಿಯ ಮೂಲೆಯಲ್ಲಿ ಹನಿ ಬಿಡಿ. ಕಣ್ಣು ಬಿಟ್ಟಾಗ ತಾನೇ ಒಳಗೆ ಇಳಿಯುತ್ತದೆ. ಬಲವಂತವಾಗಿ ರೆಪ್ಪೆ ಬಿಡಿಸುವ ಜಗಳವೇ ಬೇಡ. ಮುಖ ಕೆಂಪಾಗಿ, ಮೈ ಬಿಸಿಯಾಗಿ, ಬಾಯಿ ಒಣಗಿದರೆ ಮುಲಾಮು ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ. ಟ್ಯೂಬನ್ನು ಮಗುವಿನ ಕೈಗೆ ಸಿಗದಂತೆ ಎತ್ತಿಡಿ, ಬಾಯಿಗೆ ಹೋದರೆ ಅದು ವಿಷ. ಪಾಪೆ ಹಿಗ್ಗಿರುವುದು ಒಂದೆರಡು ವಾರ ಹಾಗೇ ಇರಬಹುದು. ಬಿಸಿಲಿಗೆ ಟೋಪಿ ಸಾಕು. ಮಗುವಿಗೆ ಫಿಟ್ಸ್ ಬರುತ್ತಿದ್ದರೆ ಯಾವ ಹನಿ ಹಾಕುವ ಮೊದಲೂ ಅದನ್ನು ಹೇಳಲೇಬೇಕು.

ಆಸ್ಪತ್ರೆಯ ಬಾಗಿಲಲ್ಲೇ ಕಿರುಚಲು ಶುರುಮಾಡುತ್ತಾಳೆ. ಏನು ಮಾಡುವುದು?

ಬೆಳಿಗ್ಗೆ ಹತ್ತು ಗಂಟೆಯ ಗದ್ದಲಕ್ಕೆ ಬರಬೇಡಿ. ಮೊದಲೇ ಫೋನ್ ಮಾಡಿ "ಆಟಿಸಂ ಇರುವ ಮಗು, ಸಾಲಿನಲ್ಲಿ ಕಾಯಲಾರಳು" ಎಂದು ಹೇಳಿ. ಕೇಳಲು ಸಂಕೋಚ ಬೇಡ, ಇದು ಯಾರ ಬಳಿಯೋ ಮಾಡುವ ಶಿಫಾರಸಲ್ಲ. ಮನೆಯಲ್ಲಿ ಒಂದು ವಾರ ಆಟವಾಡಿಸಿ: ಟಾರ್ಚನ್ನು ಬೊಂಬೆಯ ಕಣ್ಣಿಗೆ ಹಾಯಿಸುವುದು, ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಳ್ಳುವುದು, ಗಾಜಿಲ್ಲದ ಹಳೆಯ ಫ್ರೇಮ್ ಹಾಕಿಕೊಳ್ಳುವುದು. ಪರೀಕ್ಷೆಯ ಕೋಣೆ, ಕುರ್ಚಿ, ಪರೀಕ್ಷಿಸುವವರ ಫೋಟೋ ತೆಗೆದುಕೊಂಡು ಹೋಗಿ ಮನೆಯಲ್ಲಿ ಸಾಲಾಗಿ ತೋರಿಸಿದರೆ ಮುಂದಿನ ಸಲಕ್ಕೆ ಅರ್ಧ ಕೆಲಸ ಮುಗಿದಂತೆ. ಅವಳಿಗೆ ಇಷ್ಟವಾದ ಸದ್ದು ಯಾವುದು, ಸಹಿಸಲಾಗದ ಸ್ಪರ್ಶ ಯಾವುದು ಎಂದು ಚೀಟಿಯಲ್ಲಿ ಬರೆದು ತನ್ನಿ. ನನಗೆ ಅದು ಹಳೆಯ ವರದಿಗಳ ಕಡತಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಂದೇ ದಿನ ಎಲ್ಲವೂ ಮುಗಿಯಬೇಕೆಂದಿಲ್ಲ. ಮೊದಲ ಸಲ ಬರೀ ಕುರ್ಚಿಯಲ್ಲಿ ಕೂತು ಹೋದರೂ ಆಯಿತು. ಕೈಕಾಲು ಹಿಡಿದು ಅದುಮಿ ಪರೀಕ್ಷಿಸಿದರೆ ಆ ಮಗು ವರ್ಷಗಟ್ಟಲೆ ಯಾವ ವೈದ್ಯರ ಬಳಿಯೂ ಸುಳಿಯುವುದಿಲ್ಲ. ಕಣ್ಣಿಗೆ ಏಟು ಬಿದ್ದಂಥ ತುರ್ತಿನಲ್ಲಿ ಹೇಗೆ ಪರೀಕ್ಷಿಸಬೇಕೆಂದು ವೈದ್ಯರೇ ನಿರ್ಧರಿಸಲಿ.

ಕಡೆಗಣ್ಣಿನಿಂದ ನೋಡುತ್ತಾನೆ, ತಲೆ ಓರೆ ಮಾಡುತ್ತಾನೆ. ಆಟಿಸಂನವರು ಹಾಗೆಯೇ ಅಲ್ಲವೇ?

ತಿರುಗುವ ಚಕ್ರ, ಫ್ಯಾನ್, ಕಿಟಕಿ ಸರಳುಗಳ ಸಾಲನ್ನು ಕಡೆಗಣ್ಣಿನಿಂದ ನೋಡಿ ಖುಷಿಪಡುವುದು ಆಟಿಸಂನಲ್ಲಿ ಇದೆ. ಬೆರಳುಗಳನ್ನು ಕಣ್ಣ ಮುಂದೆ ಆಡಿಸುವುದೂ ಇದೆ. ಆದರೆ ಟಿವಿ ನೋಡುವಾಗ, ಪುಸ್ತಕ ನೋಡುವಾಗ, ಪ್ರತಿಸಲವೂ ತಲೆ ಒಂದೇ ಬದಿಗೆ ತಿರುಗಿದರೆ ನನಗೆ ಅನುಮಾನ. ಕಣ್ಣುಗುಡ್ಡೆ ಸದಾ ಅಲುಗುವ ಮಕ್ಕಳು ಅಲುಗಾಟ ಕಡಿಮೆಯಿರುವ ಕೋನವನ್ನು ತಾವೇ ಹುಡುಕಿಕೊಂಡು ತಲೆಯನ್ನು ಹಾಗೆ ಇಟ್ಟುಕೊಳ್ಳುತ್ತಾರೆ. ಕಣ್ಣಿನ ಹೊರಸ್ನಾಯು ದುರ್ಬಲವಾಗಿದ್ದರೂ, ಒಂದು ಬದಿಯ ನೋಟವೇ ಇಲ್ಲದಿದ್ದರೂ ಹೀಗೆ ಆಗುತ್ತದೆ. ಬೇರೆ ಬೇರೆ ದಿನ ಫೋನಿನಲ್ಲಿ ವಿಡಿಯೋ ಮಾಡಿ ತನ್ನಿ. ನಮ್ಮ ಎದುರು ಮಕ್ಕಳು ಅದನ್ನು ಮಾಡಿ ತೋರಿಸುವುದಿಲ್ಲ.

ಮೆಳ್ಳೆಗಣ್ಣು ಅದೃಷ್ಟ ಎನ್ನುತ್ತಾರೆ ನಮ್ಮತ್ತೆ.

ಅತ್ತೆಯವರ ಮನಸ್ಸು ನೋಯಿಸದೆ ಮಗುವನ್ನು ಕರೆತನ್ನಿ. ಮೂಗಿನ ಬುಡ ಅಗಲವಾಗಿರುವ ಪುಟ್ಟ ಕೂಸುಗಳಲ್ಲಿ ಮೆಳ್ಳೆಯಿಲ್ಲದೆಯೂ ಮೆಳ್ಳೆಯಂತೆ ಕಾಣುವುದುಂಟು. ಆದರೆ ನಾಲ್ಕು ತಿಂಗಳು ಕಳೆದ ಮೇಲೂ ಕಣ್ಣು ಒಳಗೋ ಹೊರಗೋ ಹೊರಳುತ್ತಿದ್ದರೆ ತೋರಿಸಲೇಬೇಕು. ಹೊರಳಿದ ಕಣ್ಣಿನ ಚಿತ್ರವನ್ನು ಮೆದುಳು ಬದಿಗೆ ತಳ್ಳುತ್ತದೆ, ಆ ಕಣ್ಣು ನೋಡುವುದನ್ನು ಕಲಿಯುವುದೇ ಇಲ್ಲ. ಇದೇ ಸೋಮಾರಿ ಕಣ್ಣು. ಏಳೆಂಟು ವರ್ಷದೊಳಗೆ ಚಿಕಿತ್ಸೆಯಾದರೆ ಫಲ ಚೆನ್ನಾಗಿರುತ್ತದೆ, ತಡವಾದಷ್ಟೂ ಕಷ್ಟ. ಕೆಲವು ಮೆಳ್ಳೆಗಣ್ಣುಗಳು ಪ್ಲಸ್ ಕನ್ನಡಕ ಹಾಕಿದೊಡನೆ ನೇರವಾಗುತ್ತವೆ, ಕೆಲವಕ್ಕೆ ಶಸ್ತ್ರಚಿಕಿತ್ಸೆ ಬೇಕು.

ಫೋಟೋದಲ್ಲಿ ಒಂದು ಕಣ್ಣಿನ ಪಾಪೆ ಕೆಂಪಗೆ, ಇನ್ನೊಂದು ಬೆಳ್ಳಗೆ ಹೊಳೆಯುತ್ತಿದ್ದರೆ ಆ ವಾರವೇ ನೇತ್ರತಜ್ಞರ ಬಳಿ ಹೋಗಿ. ಪೊರೆ ಇರಬಹುದು, ಅಪರೂಪಕ್ಕೆ ಕಣ್ಣಿನ ಕ್ಯಾನ್ಸರ್ ಕೂಡ ಆಗಿರಬಹುದು.

ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಲು ಹೇಳಿದ್ದಾರೆ. ಕಿತ್ತು ಬಿಸಾಡುತ್ತಾನೆ.

ಅವನ ಜಾಗದಲ್ಲಿ ನಿಂತು ಯೋಚಿಸಿ. ಚರ್ಮಕ್ಕೆ ಅಂಟುವ ಏನನ್ನೂ ಸಹಿಸಲಾಗದ ಮಗು, ಅದರ ಮೇಲೆ ಸೋಮಾರಿ ಕಣ್ಣು ಕೆಲಸಕ್ಕೆ ಇಳಿಯಲೆಂದು ಚೆನ್ನಾಗಿ ಕಾಣುವ ಕಣ್ಣನ್ನೇ ಮುಚ್ಚುತ್ತಿದ್ದೇವೆ. ಹೆಚ್ಚು ಇಷ್ಟವಾದ ಕೆಲಸ ನಡೆಯುವಾಗ ಐದು ನಿಮಿಷದಿಂದ ಶುರುಮಾಡಿ, ಗಡಿಯಾರದ ಚಿತ್ರ ತೋರಿಸಿ ಮುಗಿಯುವ ಹೊತ್ತನ್ನು ತಿಳಿಸಿ. ಸೋಮಾರಿತನ ಮಧ್ಯಮ ಮಟ್ಟದ್ದಾದರೆ ದಿನಕ್ಕೆ ಎರಡು ಗಂಟೆಯ ಪಟ್ಟಿಯೇ ಸಾಕಾಗುತ್ತದೆ. ಅಂಟಿಸುವುದು ಆಗದಿದ್ದರೆ ಕನ್ನಡಕಕ್ಕೆ ತೊಡಿಸುವ ಬಟ್ಟೆಯ ಮುಚ್ಚಳವಿದೆ.

ಅದೂ ಆಗದಿದ್ದರೆ ಒಳ್ಳೆಯ ಕಣ್ಣಿಗೆ ಅಟ್ರೋಪಿನ್ ಹನಿ ಹಾಕಿ ಅದರ ಹತ್ತಿರದ ನೋಟವನ್ನು ತಾತ್ಕಾಲಿಕವಾಗಿ ಮಸುಕು ಮಾಡುವ ದಾರಿಯಿದೆ. ಮಧ್ಯಮ ಮಟ್ಟದ ಸೋಮಾರಿ ಕಣ್ಣಿಗೆ ಇದು ಪಟ್ಟಿಗೆ ಸಾಟಿಯಾಗಿ ಕೆಲಸ ಮಾಡುತ್ತದೆ ಎಂದು ಅಮೆರಿಕದ ಮಕ್ಕಳ ನೇತ್ರವೈದ್ಯರ ಸಂಶೋಧನಾ ತಂಡ 2002ರಲ್ಲೇ ತೋರಿಸಿದೆ. ನಿಮ್ಮ ವೈದ್ಯರು ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ಕನ್ನಡಕ ಮೂರು ದಿನದಲ್ಲಿ ಮೂರು ತುಂಡು. ಹಾಕಿಸುವುದು ಹೇಗೆ?

ಮೊದಲು ನಂಬರ್ ಸರಿಯಿದೆಯೇ ಎಂದು ಮತ್ತೊಮ್ಮೆ ನೋಡಿಸಿ. ತಪ್ಪು ನಂಬರಿನ ಕನ್ನಡಕವನ್ನು ಎಸೆಯುವ ಮಗು ಸರಿಯಾದದ್ದನ್ನೇ ಮಾಡುತ್ತಿದೆ. ಆಮೇಲೆ ಫ್ರೇಮ್. ಲೋಹದ ತಿರುಪು, ಮೂಗಿಗೆ ಒತ್ತುವ ಗುಂಡಿ ಇಲ್ಲದ, ಒಂದೇ ತುಂಡಿನ ಬಾಗುವ ಫ್ರೇಮ್, ಹಿಂದೆ ಎಲಾಸ್ಟಿಕ್ ಪಟ್ಟಿ, ಒಡೆಯದ ಪಾಲಿಕಾರ್ಬೊನೇಟ್ ಗಾಜು. ಕಿವಿಯ ಹಿಂದೆ ಕೆಂಪಾಗಿದೆಯೇ ದಿನಾ ನೋಡಿ. ನೋವಾಗುತ್ತಿದೆ ಎಂದು ಅವನು ಹೇಳಲಾರ, ಎಸೆದು ತೋರಿಸುತ್ತಾನೆ.

ಹಾಕಿದ ತಕ್ಷಣ ಅವನಿಗೆ ಪ್ರಿಯವಾದದ್ದು ಕಣ್ಣಿಗೆ ಬೀಳಬೇಕು. ರೈಲು ಇಷ್ಟಪಡುವವನಿಗೆ ರೈಲು. ಹಾಕಿದಾಗ ಮಾತ್ರ ಪುಸ್ತಕ, ತೆಗೆದರೆ ಪುಸ್ತಕವೂ ಪಕ್ಕಕ್ಕೆ, ಬೈಗುಳ ಬೇಡ. ದೊಡ್ಡ ನಂಬರ್ ಇರುವ ಮಕ್ಕಳು ಸ್ಪಷ್ಟವಾಗಿ ಕಾಣುವ ರುಚಿ ಹತ್ತಿದ ಮೇಲೆ ತಾವೇ ಹುಡುಕಿ ಹಾಕಿಕೊಳ್ಳುತ್ತಾರೆ. ಸಣ್ಣ ನಂಬರ್ ಇರುವವರೇ ಹಟ ಹಿಡಿಯುವುದು. ಅಂಥವರಿಗೆ ಕನ್ನಡಕ ನಿಜಕ್ಕೂ ಬೇಕೇ ಎಂದು ವೈದ್ಯರೊಡನೆ ಮಾತಾಡಿ. ಮಲೆನಾಡಿನ ಮಳೆಯಲ್ಲಿ ಗಾಜಿಗೆ ಹಬೆ ಕಟ್ಟುತ್ತದೆ, ಅದೇ ಕಾರಣಕ್ಕೆ ಜೂನ್‌ನಿಂದ ಕನ್ನಡಕ ಬಿಟ್ಟ ಮಕ್ಕಳೂ ಇದ್ದಾರೆ. ಹತ್ತಿಬಟ್ಟೆಯೊಂದು ಸದಾ ಜೇಬಿನಲ್ಲಿರಲಿ.

ಅನ್ನ, ಬಿಸ್ಕತ್ತು, ಚಿಪ್ಸ್ ಬಿಟ್ಟರೆ ಏನೂ ತಿನ್ನುವುದಿಲ್ಲ. ಕಣ್ಣಿಗೆ ತೊಂದರೆಯಾಗುತ್ತದೆಯೇ?

ಆಗುತ್ತದೆ. ಈ ಪ್ರಶ್ನೆಯನ್ನು ಇನ್ನೂ ಹೆಚ್ಚು ಜನ ಕೇಳಬೇಕಿತ್ತು. ಹೊಟ್ಟೆ ತುಂಬ ಉಣ್ಣುವ, ನೋಡಲು ದಷ್ಟಪುಷ್ಟವಾಗಿರುವ ಮಗುವಿಗೂ ಎ ಜೀವಸತ್ವದ ಕೊರತೆಯಿಂದ ಕಣ್ಣು ಹೋಗಬಹುದು. ಆಹಾರದಲ್ಲಿ ತೀರಾ ಆಯ್ಕೆ ಮಾಡುವ ಆಟಿಸಂ ಮಕ್ಕಳಲ್ಲಿ ಹೀಗಾದದ್ದು ಶ್ರೀಮಂತ ದೇಶಗಳ ವೈದ್ಯಕೀಯ ಪತ್ರಿಕೆಗಳಲ್ಲೂ ಮತ್ತೆ ಮತ್ತೆ ವರದಿಯಾಗಿದೆ. ಬಿಳಿ ಅನ್ನದಲ್ಲಿ ಎ ಜೀವಸತ್ವವೇ ಇಲ್ಲ.

ಮೊದಲ ಸುಳಿವು ಸಂಜೆಯ ಹೊತ್ತಿನದು. ಹಗಲಲ್ಲಿ ಓಡಾಡಿಕೊಂಡಿರುವ ಮಗು ದೀಪ ಹಚ್ಚುವ ಹೊತ್ತಿಗೆ ಹೊಸಿಲು ಎಡವುತ್ತದೆ, ಅಂಗಳಕ್ಕೆ ಇಳಿಯಲು ಒಲ್ಲೆ ಎನ್ನುತ್ತದೆ, ಕರೆಂಟ್ ಹೋದರೆ ಕೂತಲ್ಲೇ ಕೂರುತ್ತದೆ. ಕತ್ತಲೆಗೆ ಹೆದರುತ್ತಾನೆ ಎಂದು ಮನೆಯವರು ಸುಮ್ಮನಾಗುತ್ತಾರೆ. ಮುಂದೆ ಕಣ್ಣಿನ ಬಿಳಿಭಾಗ ಹೊಳಪು ಕಳೆದುಕೊಂಡು ಒಣಗುತ್ತದೆ, ಕಪ್ಪುಗುಡ್ಡೆಯ ಪಕ್ಕದಲ್ಲಿ ನೊರೆ ಅಂಟಿದಂಥ ಬೂದುಬಿಳಿ ಮಚ್ಚೆ ಮೂಡುತ್ತದೆ. ಕಪ್ಪುಗುಡ್ಡೆಯೇ ಮಸುಕಾದರೆ ಅದು ತುರ್ತು, ಒಂದೆರಡು ದಿನದಲ್ಲಿ ಕರಗಿಹೋಗಬಹುದು. ಬಿ12 ಮುಂತಾದ ಕೊರತೆಗಳಿಂದ ಕಣ್ಣಿನ ನರ ಸೊರಗುವುದು ಇನ್ನೊಂದು ಬಗೆ; ಅದರಲ್ಲಿ ಕಣ್ಣಿನ ಹೊರಭಾಗದಲ್ಲಿ ಯಾವ ಗುರುತೂ ಇರುವುದಿಲ್ಲ.

ಸರ್ಕಾರ ಒಂಬತ್ತು ತಿಂಗಳಿಗೆ ಒಂದು ಲಕ್ಷ ಯೂನಿಟ್, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಎರಡು ಲಕ್ಷ ಯೂನಿಟ್ ಎ ಜೀವಸತ್ವದ ದ್ರಾವಣ ಕೊಡುತ್ತದೆ. ತಾಯಿ ಕಾರ್ಡಿನಲ್ಲಿ ಎಷ್ಟು ಸಲ ಗುರುತು ಬಿದ್ದಿದೆ ನೋಡಿ. ಐದು ದಾಟಿದ ಆಯ್ಕೆಯ ತಿನಿಸಿನ ಮಕ್ಕಳ ಬಗ್ಗೆ ಯಾರೂ ಕೇಳುವವರಿಲ್ಲ, ನೀವೇ ಎಚ್ಚರವಿರಬೇಕು. ಹಾಗೆಂದು ಅಂಗಡಿಯಿಂದ ತಂದು ಸುರಿಯಬೇಡಿ. ಈ ಜೀವಸತ್ವ ಹೆಚ್ಚಾದರೂ ವಿಷವೇ. ತಿನ್ನುವ ರೊಟ್ಟಿಯಲ್ಲೇ ದಾರಿ ಹುಡುಕಿ: ಅಕ್ಕಿರೊಟ್ಟಿ ಹಿಟ್ಟಿಗೆ ನುಣ್ಣಗೆ ರುಬ್ಬಿದ ಸಿಹಿಗುಂಬಳ ಒಂದು ಚಮಚ, ಬಣ್ಣ ಬದಲಾದದ್ದು ಗೊತ್ತಾಗದಷ್ಟು. ವಾರ ಕಳೆದು ಎರಡು ಚಮಚ. ನುಗ್ಗೆಸೊಪ್ಪು, ಪರಂಗಿಹಣ್ಣು, ಮೊಟ್ಟೆಯ ಹಳದಿ ಎಲ್ಲವೂ ಒಳ್ಳೆಯದೇ, ಒಳಗೆ ಹೋದರೆ.

ಕಣ್ಣು ಉಜ್ಜುತ್ತಲೇ ಇರುತ್ತಾನೆ. ಕೆಲವೊಮ್ಮೆ ಹೊಡೆದುಕೊಳ್ಳುತ್ತಾನೆ.

ಉಜ್ಜುವುದಕ್ಕೆ ಬಹಳ ಸಲ ಅಲರ್ಜಿಯೇ ಕಾರಣ. ತುರಿಕೆಯನ್ನು ಮಾತಿನಲ್ಲಿ ಹೇಳಲಾಗದ ಮಗು ಉಜ್ಜುವುದಲ್ಲದೆ ಇನ್ನೇನು ಮಾಡೀತು? ಚಿಕಿತ್ಸೆಯಿಲ್ಲದೆ ವರ್ಷಗಟ್ಟಲೆ ಉಜ್ಜಿದರೆ ಕಪ್ಪುಗುಡ್ಡೆ ತೆಳುವಾಗಿ ಶಂಕುವಿನಾಕಾರಕ್ಕೆ ಉಬ್ಬುವ ಅಪಾಯವಿದೆ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸ್ಟೀರಾಯ್ಡ್ ಹನಿ ಕೊಡುವುದು, ಅದನ್ನೇ ತಿಂಗಳುಗಟ್ಟಲೆ ಹಾಕುವುದು ನಮ್ಮೂರುಗಳಲ್ಲಿ ಮಾಮೂಲು. ತುರಿಕೆ ನಿಲ್ಲುತ್ತದೆ, ನಿಜ. ಒಳಗೆ ಕಣ್ಣಿನ ಒತ್ತಡ ಏರಿ ಕಣ್ಣಿನ ನರವನ್ನು ಕೆಡಿಸುವ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು.

ಬೆರಳನ್ನು ಕಣ್ಣುಗುಡ್ಡೆಗೆ ಆಳವಾಗಿ ಒತ್ತಿ ಹಿಡಿಯುವುದು ಬೇರೆ. ಅದು ಉಜ್ಜುವುದಲ್ಲ. ದೃಷ್ಟಿ ತೀರಾ ಕಡಿಮೆಯಿರುವ ಮಕ್ಕಳು ಒಳಗೆ ಬೆಳಕು ಮಿಂಚಿದಂತಾಗಲೆಂದು ಹಾಗೆ ಮಾಡುತ್ತಾರೆ, ಕೂಡಲೇ ತೋರಿಸಿ. ತಲೆ ಚಚ್ಚಿಕೊಳ್ಳುವ, ಕಣ್ಣಿಗೆ ಗುದ್ದಿಕೊಳ್ಳುವ ಮಕ್ಕಳಲ್ಲಿ ಅಕ್ಷಿಪಟಲ ಕಳಚುವುದುಂಟು. ಅಂಥ ಮಗುವಿಗೆ ವರ್ಷಕ್ಕೊಮ್ಮೆಯಾದರೂ ಪಾಪೆ ಹಿಗ್ಗಿಸಿ ಒಳಭಾಗ ನೋಡಬೇಕು. ಹೊಡೆದುಕೊಳ್ಳುವುದು ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಹಲ್ಲುನೋವು, ಕಿವಿನೋವು ಇದೆಯೇ ಎಂದೂ ನೋಡಿಸಿ.

ಫಿಟ್ಸ್ ಮಾತ್ರೆ ಕಣ್ಣಿಗೆ ಹಾನಿ ಮಾಡುತ್ತದೆಯೇ?

ಎಲ್ಲವೂ ಅಲ್ಲ. ವಿಗಬಾಟ್ರಿನ್ ದೀರ್ಘಕಾಲ ತೆಗೆದುಕೊಂಡರೆ ಬದಿಯ ನೋಟ ಕುಗ್ಗಬಹುದು. ಟೋಪಿರಾಮೇಟ್ ಶುರುಮಾಡಿದ ಕೆಲವು ವಾರಗಳಲ್ಲಿ ದಿಢೀರನೆ ಮಸುಕು, ಕಣ್ಣುನೋವು, ಕೆಂಪು ಬಂದರೆ ಆ ದಿನವೇ ವೈದ್ಯರನ್ನು ಕಾಣಿ. ಆದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಬೆಳಕು ಸಹಿಸುವುದಿಲ್ಲ. ಬಣ್ಣದ ಕನ್ನಡಕ, ದೃಷ್ಟಿ ವ್ಯಾಯಾಮ ಎಂದು ಪ್ಯಾಕೇಜ್ ಹೇಳುತ್ತಿದ್ದಾರೆ. ಮಾಡಿಸಬಹುದೇ?

ದುಡ್ಡು ಕೈಬಿಡುವ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಬೆಳಕು ಚುಚ್ಚುವುದಕ್ಕೆ ಅಲರ್ಜಿ, ಒಣಗಣ್ಣು, ಕಣ್ಣಿನೊಳಗಿನ ಉರಿಯೂತ, ಕೂಸುಗಳಲ್ಲಾದರೆ ಹುಟ್ಟು ಗ್ಲಾಕೋಮಾ ಕೂಡ ಕಾರಣವಿರಬಹುದು. ಇವು ಯಾವುವೂ ಇಲ್ಲವಾದರೆ ಅದು ಆಟಿಸಂನ ಸಂವೇದನೆಯ ವ್ಯತ್ಯಾಸ. ಮಿಣುಕುವ ಟ್ಯೂಬ್‌ಲೈಟ್ ಬದಲಿಸಿ, ಅಂಚು ಅಗಲವಾದ ಟೋಪಿ ಹಾಕಿ, ಸಾಧಾರಣ ತಂಪು ಕನ್ನಡಕ ಹಿತವೆನಿಸಿದರೆ ಹೊರಗೆ ಹೋಗುವಾಗ ಹಾಕಲಿ.

ಬಣ್ಣದ ಗಾಜಿನಿಂದ ಮಾತು ಬರುತ್ತದೆ, ಓದು ಬರುತ್ತದೆ, ನಡವಳಿಕೆ ಸುಧಾರಿಸುತ್ತದೆ ಎನ್ನುವವರ ಬಳಿ ಗಟ್ಟಿ ಪುರಾವೆಯಿಲ್ಲ. ವ್ಯಾಯಾಮದ ವಿಷಯದಲ್ಲಿ ಒಂದು ವಿನಾಯಿತಿ: ಹತ್ತಿರ ನೋಡುವಾಗ ಎರಡೂ ಕಣ್ಣು ಒಟ್ಟಿಗೆ ಒಳಗೆ ತಿರುಗದ ತೊಂದರೆಗೆ ವ್ಯಾಯಾಮದಿಂದ ನಿಜಕ್ಕೂ ಗುಣವಿದೆ. ಅದು ಆ ತೊಂದರೆಗೆ ಮದ್ದು, ಆಟಿಸಂಗಲ್ಲ. ತಿಂಗಳಿಗೆ ಸಾವಿರಗಟ್ಟಲೆ ಕಟ್ಟಿಸಿಕೊಂಡು "ಆಟಿಸಂ ಗುಣವಾಗುತ್ತದೆ" ಎನ್ನುವವರನ್ನು ಕಂಡರೆ ಎದ್ದು ಬನ್ನಿ. ಆ ಹಣಕ್ಕೆ ಮಾತಿನ ತರಬೇತಿ ಕೊಡಿಸಬಹುದು.

ಮೊಬೈಲಿನಿಂದಲೇ ಹೀಗಾಯಿತೇ?

ಮೊಬೈಲ್ ಆಟಿಸಂ ತರುವುದಿಲ್ಲ, ಈ ತಪ್ಪಿತಸ್ಥ ಭಾವ ತಾಯಂದಿರಿಗೆ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೈನಸ್ ನಂಬರ್ ತಡೆಯಲು ಹೊರಗಿನ ಬೆಳಕಿನಲ್ಲಿ ದಿನಕ್ಕೆ ಎರಡು ಗಂಟೆ ಆಡುವುದು ನೆರವಾಗುತ್ತದೆ. ಚಿತ್ರ ಮುಟ್ಟಿ ಮಾತಾಡುವ ಟ್ಯಾಬ್ ಬಳಸುವ ಮಗುವಿನಿಂದ ಅದನ್ನು ಕಿತ್ತುಕೊಳ್ಳಬೇಡಿ, ಅದು ಅವನ ಬಾಯಿ.

ಕಣ್ಣು ಸರಿಯಾಗಿದೆ ಎಂದರು. ಆದರೂ ಅವನಿಗೆ ಕಾಣುವುದಿಲ್ಲ ಎನಿಸುತ್ತದೆ.

ನಿಮ್ಮ ಅನಿಸಿಕೆ ಸರಿಯಿರಬಹುದು. ಹೆರಿಗೆಯಲ್ಲಿ ಉಸಿರು ಕಟ್ಟಿದ, ಅವಧಿಗೆ ಮೊದಲು ಹುಟ್ಟಿದ, ಮಗುವಿದ್ದಾಗ ಮೆದುಳುಜ್ವರ ಬಂದ ಮಕ್ಕಳಲ್ಲಿ ಕಣ್ಣು ಚೆನ್ನಾಗಿದ್ದು ಮೆದುಳು ನೋಟವನ್ನು ಅರ್ಥಮಾಡಿಕೊಳ್ಳದಿರುವ ಸ್ಥಿತಿ ಇದೆ. ಜನಜಂಗುಳಿಯಲ್ಲಿ ಅಮ್ಮನ ಗುರುತು ಸಿಗದು, ಒಂಟಿ ಲೋಟ ಕಾಣುತ್ತದೆ, ಪಾತ್ರೆಗಳ ನಡುವಿನ ಅದೇ ಲೋಟ ಕಾಣದು, ಚಲಿಸಿದರೆ ಮಾತ್ರ ಗಮನ ಹೋಗುತ್ತದೆ. ಮುಖ ನೋಡದಿರುವುದೂ ಸೇರಿ ಇದು ಆಟಿಸಂನಂತೆಯೇ ಕಾಣುತ್ತದೆ, ಎರಡೂ ಒಟ್ಟಿಗಿರುವುದೂ ಉಂಟು. ಹಿಂದೆ ಒಂದೇ ಬಣ್ಣದ ಬಟ್ಟೆ ಹಾಸಿ ಒಂದು ಸಲಕ್ಕೆ ಒಂದೇ ವಸ್ತು ತೋರಿಸುವುದರಿಂದ ತರಬೇತಿ ಶುರು. ಜಿಲ್ಲೆಯಲ್ಲಿ ಇದನ್ನು ಗುರುತಿಸುವವರು ಕಡಿಮೆ, ಬೆಂಗಳೂರಿಗೆ ಹೋಗಬೇಕಾದೀತು.

ಅರಿವಳಿಕೆ ಕೊಟ್ಟು ಪರೀಕ್ಷೆ ಮಾಡುತ್ತೇವೆ ಎಂದರು. ಭಯವಾಗುತ್ತದೆ.

ಎಲ್ಲ ಪ್ರಯತ್ನ ಸೋತ ಮೇಲೆ, ಅಥವಾ ಒಳಭಾಗದಲ್ಲಿ ಗಂಭೀರ ತೊಂದರೆಯ ಅನುಮಾನವಿದ್ದಾಗ ಅದು ಬೇಕಾಗುತ್ತದೆ. ಮಕ್ಕಳಿಗೆ ಅರಿವಳಿಕೆ ಕೊಟ್ಟು ಅನುಭವವಿರುವ ಕಡೆಯೇ ಮಾಡಿಸಿ. ಒಂದು ಉಪಾಯ: ಅದೇ ಅರಿವಳಿಕೆಯಲ್ಲಿ ಹುಳುಕು ಹಲ್ಲು, ಕಿವಿ, ರಕ್ತಪರೀಕ್ಷೆ ಎಲ್ಲವನ್ನೂ ಮುಗಿಸಬಹುದೇ ಎಂದು ಮೊದಲೇ ಕೇಳಿ.

ನಂದಿಬಟ್ಟಲು ಹೂವಿನ ರಸ, ಜೇನು, ಹರಳೆಣ್ಣೆ ಹಾಕಬಹುದೇ?

ಬೇಡ. ಎದೆಹಾಲೂ ಬೇಡ.

ಕನ್ನಡಕ ಹಾಕಿದರೆ ಆಟಿಸಂ ಕಡಿಮೆಯಾಗುತ್ತದೆಯೇ?

ಇಲ್ಲ. ಚೆನ್ನಾಗಿ ಕಾಣತೊಡಗಿದರೆ ಚಿತ್ರ ಕಾರ್ಡು ಗುರುತಿಸುವುದು, ಮೆಟ್ಟಿಲಿಳಿಯುವುದು, ಕೂತು ಕೆಲಸ ಮಾಡುವುದು ಸುಲಭವಾಗುತ್ತದೆ. ತರಬೇತಿಗೆ ಮಗು ಸ್ಪಂದಿಸುತ್ತಿಲ್ಲ ಎಂದು ದೂರುವವರ ಮೊದಲ ಕೆಲಸ ಆ ಕಾರ್ಡು ಅದಕ್ಕೆ ಕಾಣುತ್ತಿದೆಯೇ ಎಂದು ನೋಡುವುದು.

ಹಾಸನ, ಚಿಕ್ಕಮಗಳೂರಿನವರು ಎಲ್ಲಿಗೆ ಹೋಗಬೇಕು? ಸರ್ಕಾರದಿಂದ ಏನು ಸಿಗುತ್ತದೆ?

ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ. 2013ರಲ್ಲಿ ಶುರುವಾದ ಈ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳದ್ದು, ದೃಷ್ಟಿದೋಷವೂ ಬೆಳವಣಿಗೆಯ ವಿಳಂಬವೂ ಅದರ ಪಟ್ಟಿಯಲ್ಲಿವೆ. ತಂಡ ಬರುವ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಹಾಸನದವರಿಗೆ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಲ್ಲಿ, ಚಿಕ್ಕಮಗಳೂರಿನವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವೂ ಮಕ್ಕಳ ವಿಭಾಗವೂ ಇವೆ. ಆಟಿಸಂನ ಮೌಲ್ಯಮಾಪನ ಮತ್ತು ಮಾತಿನ ತರಬೇತಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹಾಸನದಿಂದ ಹತ್ತಿರ. ಕಣ್ಣಿನ ಹೆಚ್ಚಿನ ತಪಾಸಣೆಗೆ ಬೆಂಗಳೂರಿನ ಮಿಂಟೋ ಆಸ್ಪತ್ರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ, ಮಂದದೃಷ್ಟಿ ಎರಡೂ ಇವೆ. ಮಂದದೃಷ್ಟಿ ಎನ್ನಲು ಕನ್ನಡಕ ಹಾಕಿದ ಮೇಲೂ ಉತ್ತಮ ಕಣ್ಣಿನಲ್ಲಿ ದೃಷ್ಟಿ 6/18ಕ್ಕಿಂತ (ಉಳಿದವರು 18 ಮೀಟರಿನಿಂದ ಓದುವುದನ್ನು 6 ಮೀಟರಿನಿಂದ ಓದುವುದು) ಕಡಿಮೆಯಿರಬೇಕು, ಇಲ್ಲವೇ ನೋಟದ ಹರವು ತೀರಾ ಕಿರಿದಾಗಿರಬೇಕು. ಒಂದೇ ಕಣ್ಣಿನ ಮೆಳ್ಳೆಗೆ ಅನ್ವಯಿಸುವುದಿಲ್ಲ. ಎರಡೂ ಇದ್ದರೆ ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡಿನಲ್ಲಿ ಎರಡನ್ನೂ ನಮೂದಿಸಿಕೊಡಿ ಎಂದು ಕೇಳಿ, ಇಲ್ಲವಾದರೆ ಆಟಿಸಂ ಒಂದನ್ನೇ ಬರೆದು ಮುಗಿಸುತ್ತಾರೆ. ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಯಲ್ಲಿ ಆಟಿಸಂ ಇರುವವರಿಗೆ ಒಂದು ಲಕ್ಷ ರೂಪಾಯಿವರೆಗೆ ವೈದ್ಯಕೀಯ ವೆಚ್ಚ ಸಿಗುತ್ತದೆ. ಶಾಲಾಮಕ್ಕಳಿಗೆ ಉಚಿತ ಕನ್ನಡಕ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿದೆ. ಆದರೆ ಕೊಡುವ ಫ್ರೇಮ್ ಗಟ್ಟಿ ಪ್ಲಾಸ್ಟಿಕ್ಕಿನದಾದರೆ ನಿಮ್ಮ ಮಗು ಹಾಕಿಕೊಳ್ಳದಿರಬಹುದು. ನಂಬರ್ ಚೀಟಿ ಮಾತ್ರ ಪಡೆದು ಫ್ರೇಮ್ ಹೊರಗೆ ಮಾಡಿಸಿದರೂ ಸರಿ.

ಶಾಲೆಯಲ್ಲಿ ಏನು ಹೇಳಬೇಕು?

ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದ, ಹಲಗೆಗೆ ಹತ್ತಿರದ ಜಾಗ. ಪುಟದಲ್ಲಿ ಚಿತ್ರ ಕಡಿಮೆ, ಅಕ್ಷರ ದೊಡ್ಡದು. ಕನ್ನಡಕ ಬೀಳಿಸಿದರೆ ಮತ್ತೆ ಹಾಕಿಸುವ ಒಬ್ಬ ಸಹಪಾಠಿ. ತಾಲ್ಲೂಕಿನ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ) ಶಿಕ್ಷಕರಿಗೆ ಕಣ್ಣಿನ ವರದಿಯ ಪ್ರತಿ ಕೊಡಿ.

ಮತ್ತೆ ಯಾವಾಗ ತೋರಿಸಬೇಕು?

ಆಟಿಸಂನ ಅನುಮಾನ ಬಂದಾಗಲೇ ಕಿವಿಯ ಪರೀಕ್ಷೆಯ ಜೊತೆಗೆ ಮೊದಲ ಸಲ. ಎಲ್ಲವೂ ಸರಿಯಿದ್ದರೆ ವರ್ಷಕ್ಕೊಮ್ಮೆ, ಕನ್ನಡಕ ಇದ್ದರೆ ಆರು ತಿಂಗಳಿಗೊಮ್ಮೆ, ಪಟ್ಟಿ ಕಟ್ಟುತ್ತಿದ್ದರೆ ಎರಡು ಮೂರು ತಿಂಗಳಿಗೊಮ್ಮೆ. ಇದ್ದಕ್ಕಿದ್ದಂತೆ ಮೆಳ್ಳೆಯಾದರೆ, ಒಂದು ಕಣ್ಣು ಮುಚ್ಚಿ ನೋಡತೊಡಗಿದರೆ, ಕಣ್ಣು ಕೆಂಪಾಗಿ ಬೆಳಕಿಗೆ ತೆರೆಯದಿದ್ದರೆ, ಮೊದಲು ಮಾಡುತ್ತಿದ್ದ ಕೆಲಸದಲ್ಲಿ ತಡವರಿಸಿದರೆ ದಿನ ಎಣಿಸದೆ ಹೊರಡಿ. ಬರುವಾಗ ಹಳೆಯ ಕನ್ನಡಕವನ್ನೂ ತನ್ನಿ, ಮುರಿದಿದ್ದರೂ ಪರವಾಗಿಲ್ಲ, ಗಾಜಿನಿಂದ ಹಿಂದಿನ ನಂಬರ್ ಅಳೆಯಬಹುದು.